ಭಾವನ ದವಡೆ

ಮನುಕುಲದ ಇತಿಹಾಸವೆಂದರೆ, ಸ್ವತಃ ಹೇಳಲು ಧೈರ್ಯವಿಲ್ಲದ್ದನ್ನು ಇನ್ನೊಬ್ಬರ ಬಾಯಿಂದ ಹೇಳಿಸಿದ ಇತಿಹಾಸ. ಅರಸರಿಗೆ ದೂತರಿದ್ದರು, ದೈವಗಳಿಗೆ ಅವುಗಳ ನುಡಿ ಆಡುವ ಪಾತ್ರಿಗಳಿದ್ದಾರೆ. ನನಗೆ ಇದ್ದದ್ದು ಎರಡಡಿ ಎತ್ತರದ, ಚೌಕುಳಿ ಅಂಗಿ ತೊಟ್ಟ ಒಂದು ಮರದ ಗೊಂಬೆ.

ಮೂಡುಬಿದಿರೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸುವುದು ನನ್ನ ಉದ್ಯೋಗವಾಗಿತ್ತು. ಗೊಂಬೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ತುಟಿ ಅಲ್ಲಾಡಿಸದೆ ಅದರ ಪರವಾಗಿ ಮಾತಾಡುವುದು ಹವ್ಯಾಸ. ಉದ್ಯೋಗ ಮುಗಿದಾಗ ಒಂದು ಶಾಲು ಸಿಕ್ಕಿತು. ಗೊಂಬೆಗಾದರೆ ಬಂಟ್ವಾಳದಿಂದ ಕಕ್ಕಿಂಜೆಯ ತನಕ ಅಭಿಮಾನಿಗಳಿದ್ದರು. ಬಸ್ಸಿನಲ್ಲಿ ಮಕ್ಕಳು ನನ್ನ ಚೀಲ ನೋಡಿ, “ಭಾವ ಒಳಗೆ ಉಂಟಾ?” ಎಂದು ಕೇಳುತ್ತಿದ್ದವು. ಚೀಲ ಹೊತ್ತವನು ಯಾರೆಂದು ಕೇಳಿದ ಮಗು ಒಂದೂ ನೆನಪಿಲ್ಲ.

ಗೊಂಬೆಗೆ ಭಾವ ಎಂದು ಹೆಸರು ಬಂದದ್ದು ಅದನ್ನು ಮಾಡಿದವರಿಂದ. ಅವರು ನನ್ನ ಅಕ್ಕನ ಗಂಡ, ನಾರಾವಿಯಲ್ಲಿ ಗದ್ದೆ ಮಾಡಿಕೊಂಡಿರುವವರು. ಬಡಗಿಯಲ್ಲ, ಆದರೆ ಸುಮ್ಮನಿರಲು ಬಾರದ ಕೈ. ಹಗುರ ಮರದಲ್ಲಿ ತಲೆ ಕೆತ್ತಿ, ಹಳೆಯ ಕೊಡೆಯ ಕಡ್ಡಿ, ಸ್ಪ್ರಿಂಗ್ ಹಾಕಿ ದವಡೆ ಕೂರಿಸಿದರು. ಕೆತ್ತುತ್ತ ಕೆತ್ತುತ್ತ ಮೂಗು ಅವರದ್ದೇ ಆಯಿತು. ಬೇರೆ ಹೆಸರಿಡುವ ಪ್ರಶ್ನೆಯೇ ಬರಲಿಲ್ಲ. ವರ್ಷಕ್ಕೊಮ್ಮೆ ದವಡೆ ಸಡಿಲವಾಗುತ್ತಿತ್ತು, ನಾರಾವಿಗೆ ಒಯ್ಯುತ್ತಿದ್ದೆ. ಜಗಲಿಯಲ್ಲಿ ಅವರು ಸ್ಕ್ರೂ ಬಿಗಿ ಮಾಡುವುದು, ನಾನು ಎಲೆಯಡಿಕೆ ಜಗಿಯುತ್ತ ಊರಿನವರನ್ನೆಲ್ಲ ಆಡಿಕೊಳ್ಳುವುದು. ಅಣ್ಣತಮ್ಮಂದಿರಿಲ್ಲದ ನನಗೆ ಗೆಳೆಯ ಅಂತ ಇದ್ದದ್ದು ಅವರೊಬ್ಬರು. ಕೆಲವು ಸಲ ದವಡೆ ಸರಿಯಿದ್ದರೂ ನಾನೇ ಸಡಿಲ ಮಾಡಿಕೊಂಡು ಹೋದದ್ದುಂಟು.

ಈ ಕಲೆಯಲ್ಲಿ ಒಂದು ಪದ್ಧತಿಯಿದೆ. ಕಾರ್ಯಕ್ರಮಕ್ಕೆ ಮೊದಲು ಮನೆಯವರ ಹತ್ತಿರ ಗುಟ್ಟಾಗಿ ಸುದ್ದಿ ಸಂಗ್ರಹಿಸಬೇಕು. ಯಾರು ಎರಡು ಪಂಕ್ತಿಯಲ್ಲೂ ಊಟಕ್ಕೆ ಕೂರುವವರು, ದುಬಾಯಿಯಿಂದ ಬಂದವರಲ್ಲಿ ಯಾರಿಗೆ ಊರಿನ ಸೆಕೆ ತಡೆಯುವುದಿಲ್ಲ, ಇಂಥವು. ಆಮೇಲೆ ಗೊಂಬೆ ಅದನ್ನು ಹೇಳುತ್ತದೆ, ನಾನು ಗಾಬರಿಗೊಂಡವನಂತೆ ಅದರ ಬಾಯಿ ಮುಚ್ಚುತ್ತೇನೆ. ಸುದ್ದಿ ಕೊಟ್ಟವರು ಯಾರೆಂದು ಮಾತ್ರ ಎಂದೂ ಹೇಳಬಾರದು. ಈ ನಿಯಮವನ್ನು ನಾನು ಸಂವಿಧಾನಕ್ಕಿಂತ ಹೆಚ್ಚು ಶ್ರದ್ಧೆಯಿಂದ ಪಾಲಿಸಿಕೊಂಡು ಬಂದೆ.

ಭಾವನ ಮಗಳ ಮದುವೆಯ ಮುನ್ನಾದಿನ, ಮದರಂಗಿಗೆ ಹೋದಾಗ, ಅಕ್ಕ ನನ್ನನ್ನು ಬಾವಿಯ ಹತ್ತಿರ ಕರೆದಳು.

“ಇವರಿಗೆ ಕಿವಿ ಪೂರಾ ಹೋಗಿದೆ. ಡಾಕ್ಟ್ರ ಹತ್ರ ಹೋಗುವ ಅಂದ್ರೆ ಸಿಟ್ಟು. ಎದುರಿನವರ ತುಟಿ ನೋಡಿ ಅಂದಾಜಿಗೆ ತಲೆ ಆಡಿಸುದು. ನಿನ್ನ ಗೊಂಬೆ ಒಂದು ಮಾತು ಹೇಳಲಿ ಮಾರಾಯ. ನಾಲ್ಕು ಜನ ನಕ್ಕರೆ ಆದ್ರೂ ಮಿಷನ್ ಹಾಕಿಸಿಯಾರು.”

ಚಪ್ಪರದಲ್ಲಿ ಗೊಂಬೆ ಮೊದಲ ಸಾಲಿನತ್ತ ಕತ್ತು ತಿರುಗಿಸಿತು. “ನಮ್ಮ ಭಾವನ ಹತ್ರ ಏನು ಬೇಕಾದ್ರೂ ಕೇಳಿ, ಇಲ್ಲ ಅನ್ನುವ ಜನವೇ ಅಲ್ಲ. ಭಾವ, ಮನೆ ಅಳಿಯನ ಹೆಸರಿಗೆ ಮಾಡುವ ಅಲ್ಲವಾ?”

ಭಾವ ತಲೆ ಆಡಿಸಿದರು. ಜನ ನಕ್ಕರು.

“ನಾಳೆಯ ಮದುವೆ ರದ್ದು ಮಾಡುವ ಅಲ್ಲವಾ?”

ಇನ್ನೂ ಜೋರಾಗಿ ಆಡಿಸಿದರು. ಗಂಡಿನ ಕಡೆಯವರು ಕುರ್ಚಿಯಿಂದ ಬೀಳುವುದೊಂದು ಬಾಕಿ. ಎಲ್ಲರೂ ನಗುವುದನ್ನು ಕಂಡು ಭಾವ ಎಲ್ಲರಿಗಿಂತ ಹೆಚ್ಚು ನಕ್ಕರು. ಎದ್ದು ಬಂದು ನನ್ನ ಬೆನ್ನು ತಟ್ಟಿದರು. ಅಷ್ಟು ದೊಡ್ಡ ಮೆಚ್ಚುಗೆ ನನಗೆ ಬೇರೆಲ್ಲೂ ಸಿಕ್ಕಿದ್ದಿಲ್ಲ.

ಮಾರನೆಯ ದಿನ ಸೋದರಮಾವನಾಗಿ ನನ್ನ ಕೆಲಸಗಳನ್ನು ಮಾಡಿದೆ. ಮದುವೆ ಕಳೆದು ಮೂರನೆಯ ದಿನ ಗಂಡಿನ ಕಡೆಯ ಯಾರೋ ಚಪ್ಪರದ ಗೊಂಬೆಯಾಟದ ವಿಡಿಯೊವನ್ನು, ಕೆಳಗೆ ಮಾತುಗಳನ್ನು ಅಕ್ಷರದಲ್ಲಿ ಮೂಡಿಸಿ, ಮೊಬೈಲಿನ ಕುಟುಂಬದ ಗುಂಪಿಗೆ ಹಾಕಿದರು. ಭಾವನ ಕಣ್ಣಿಗೆ ಏನೂ ಆಗಿರಲಿಲ್ಲ.

ನಾರಾವಿಗೆ ಓಡಿದೆ. ಜಗಲಿಯಲ್ಲಿ ಎದುರು ಕುಳಿತು, ತುಟಿ ಅಗಲ ಮಾಡಿ ಕ್ಷಮೆ ಕೇಳಿದೆ. ಅವರು ಪೂರ್ತಿ ಓದಿಕೊಂಡರು.

“ಹೇಳುದು ನಾನಲ್ಲ, ಗೊಂಬೆ ಅಂತ ಇಷ್ಟು ವರ್ಷ ಊರನ್ನು ನಂಬಿಸಿದವ ನೀನು. ಹಾಗಾದ್ರೆ ನಿನ್ನ ಕ್ಷಮೆ ನನಗೆಂತಕ್ಕೆ? ಹೇಳಿದವನನ್ನು ಕರ್ಕೊಂಡು ಬಾ.”

ಮುಂದಿನ ಆದಿತ್ಯವಾರ ಕರೆದುಕೊಂಡು ಹೋದೆ. ತೊಡೆಯ ಮೇಲೆ ಕೂರಿಸಿದೆ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. “ಭಾವ, ತಪ್ಪಾಯಿತು” ಎಂದಿತು ಗೊಂಬೆ. ಭಾವ ಅದರ ಬಾಯಿಯನ್ನೇ ನೋಡಿದರು. ಮರದ ದವಡೆ ಎಲ್ಲ ಅಕ್ಷರಕ್ಕೂ ಒಂದೇ ರೀತಿ ಬಡಿದುಕೊಳ್ಳುತ್ತದೆ. ಅದರಲ್ಲಿ ಓದಲು ಏನೂ ಇರುವುದಿಲ್ಲ. ಆಮೇಲೆ ನನ್ನ ಬಾಯಿಯನ್ನು ನೋಡಿದರು.

ನನ್ನ ತುಟಿ ಅಲ್ಲಾಡಿರಲಿಲ್ಲ. ಭ, ವ, ಪ ಎಂಬ ಅಕ್ಷರಗಳನ್ನು ತುಟಿಯ ನೆರವಿಲ್ಲದೆ ಹೇಳಲು ಕನ್ನಡಿಯ ಮುಂದೆ ವರ್ಷಗಳನ್ನು ಸವೆಸಿದವನು ನಾನು. ಗೊಂಬೆಯೊಳಗೆ ಕೈ ಹೋದರೆ ತುಟಿ ತಾನಾಗಿ ಬಿಗಿಯುತ್ತದೆ. ಇನ್ನೊಮ್ಮೆ, ಜೋರಾಗಿ ಹೇಳಿಸಿದೆ. ಆಚೆ ಗದ್ದೆಯಲ್ಲಿದ್ದ ಹೆಂಗಸರು ತಲೆಯೆತ್ತಿ ನೋಡಿ, ಗೊಂಬೆಯ ಸ್ವರ ಗುರುತಿಸಿ ನಕ್ಕರು. ಭಾವ ಅದನ್ನೂ ಕಂಡರು. ನನ್ನ ಜೀವಮಾನದ ಅತ್ಯಂತ ನಿರ್ದೋಷ ಪ್ರದರ್ಶನ ಅದು.

ತಪ್ಪು ಹೊಳೆದು ನನ್ನದೇ ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಅಡ್ಡ ಮಾಡಿ, ಗೊಂಬೆಯತ್ತ ಬೆರಳು ತೋರಿಸಿದರು.

“ನನ್ನ ಕಿವಿಯ ವಿಷಯ ಇವನಿಗೆ ಯಾರು ಹೇಳಿದ್ದು?”

ಅಕ್ಕ ನೆಲ ನೋಡಿದಳು. ಸುದ್ದಿ ಕೊಟ್ಟವರನ್ನು ಹೇಳಬಾರದೆಂಬ ನಿಯಮವನ್ನು ನಾನು ಆಗಲೂ ಪಾಲಿಸಿದೆ.

“ಆಯ್ತು,” ಎಂದು ಭಾವ ಗೊಂಬೆಯನ್ನು ತೆಗೆದುಕೊಂಡು, ಒಳಗಿಂದ ಸ್ಕ್ರೂ ಡ್ರೈವರ್ ತಂದು, ಯಾವಾಗಲೂ ಕೂರುವ ಜಾಗದಲ್ಲಿ ಕುಳಿತರು. ಒಂದು ಗಳಿಗೆ, ದವಡೆ ಬಿಗಿ ಮಾಡುತ್ತಿದ್ದಾರೆ ಅಂದುಕೊಂಡೆ. ಎಲೆಯಡಿಕೆಯ ತಟ್ಟೆಗೆ ಕೈ ಚಾಚಿದೆ ಕೂಡ. ಅವರು ಕೊಡೆಯ ಕಡ್ಡಿಯನ್ನೂ ಸ್ಪ್ರಿಂಗನ್ನೂ ಬಿಚ್ಚಿ ಕಿಸೆಗೆ ಹಾಕಿಕೊಂಡರು. ದವಡೆ ಮುಚ್ಚಿ, ಎರಡೂ ಬದಿಗೆ ಒಂದೊಂದು ಸಣ್ಣ ಮೊಳೆ ಹೊಡೆದರು. ಹೆಗಲ ಮೇಲಿನ ಬೈರಾಸಿನಿಂದ ಅದರ ಮುಖ ಒರೆಸಿ, ನನ್ನ ಕೈಗೆ ಕೊಟ್ಟು, ಒಳಗೆ ಹೋದರು.

ಹಿಂದಿರುಗುವಾಗ ಬಸ್ಸಿನಲ್ಲಿ ಒಂದು ಹುಡುಗಿ, ಭಾವ ಒಳಗೆ ಉಂಟಾ ಎಂದು ಕೇಳಿದಳು. ತಲೆ ಆಡಿಸಿದೆ.

ಮಾಣಿ ಎಂಬ ಊರಿನ ಶಾಲೆಯವರು ವಾರ್ಷಿಕೋತ್ಸವಕ್ಕೆ ಕರೆದಿದ್ದರು, ಬರುವುದಿಲ್ಲವೆಂದು ತಿಳಿಸಿದೆ. ಅವರು ಮ್ಯಾಜಿಕ್‌ನವರನ್ನು ಕರೆಸಿದರು. ಭಾವ ಕಿವಿಗೆ ಮಿಷನ್ ಹಾಕಿಸಿಕೊಂಡಿಲ್ಲ. ನಮ್ಮೊಳಗೆ ಮಾತಿಲ್ಲ.