ಸೂಪಿನ ಡಬ್ಬಿ ವಾಪಸು ಬರುವ ತನಕ

ನಗರಸಭೆಯ ಆರೋಗ್ಯ ಶಾಖೆಯಲ್ಲಿ ದಂಡ ಹಾಕುವವರಿಗೆ ಯಾವ ಕಾಲಕ್ಕೂ ಕೊರತೆಯಿಲ್ಲ. ದಂಡ ಹಾಕಿದ ಅಂಗಡಿಯಲ್ಲಿ ಮರುದಿನ ವ್ಯಾಪಾರ ನಡೆಯಿತೇ ಎಂದು ತಿರುಗಿ ಬಂದು ವಿಚಾರಿಸುವವರು ಮಾತ್ರ ವಿರಳ. ಅಂಥ ವಿರಳರ ಸಾಲಿಗೆ ಸೇರಿದವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಆರೋಗ್ಯ ನಿರೀಕ್ಷಕರು. ಹೆಗಲಿನ ಬಟ್ಟೆಚೀಲ ಅವರನ್ನು ಬಿಟ್ಟಿರದ ಕಾರಣ ಊರಿಗೆಲ್ಲ ಅವರು ‘ಚೀಲದ ಸಾಹೇಬರು’. ಮಾರುಕಟ್ಟೆಯ ಮೂಲೆಯಲ್ಲಿ ಅವರ ತಲೆ ಕಂಡರೆ ಸಾಕು, “ಸಾಹೇಬ್ರು ಬಂದ್ರು, ಕವರ್ ಒಳಗಿಡೋ!” ಎಂಬ ಕೂಗು ಅಂಗಡಿಯಿಂದ ಅಂಗಡಿಗೆ ಹಾರುತ್ತಿತ್ತು. “ಕೂಗಿದ್ದು ಕೇಳಿಸ್ತು ಕಣಯ್ಯ, ಈಗ ನೀನೇ ತೆಗೆದುಕೊಡು” ಎಂದು ಅವರು ನಗುತ್ತಲೇ ಕೈ ಚಾಚುತ್ತಿದ್ದರು.

ಸೇವೆಗೆ ಸೇರಿದ ಹೊಸತರಲ್ಲಿ ಅವರ ಪಾಲಿಗೆ ಬಂದದ್ದು ಮಾರುಕಟ್ಟೆಯ ಚರಂಡಿಗಳು. ಕಟ್ಟಿಕೊಂಡ ಚರಂಡಿಯಿಂದ ಥರ್ಮೊಕೋಲ್ ತಟ್ಟೆಗಳನ್ನೂ ಬಟ್ಟಲುಗಳನ್ನೂ ಎಳೆದು ಹಾಕುವ ಹೆಂಗಸರು ಅದೇ ಕೈಯಲ್ಲಿ ಬುತ್ತಿ ಬಿಚ್ಚುವುದನ್ನು ಅವರು ಕಂಡರು. ಮಾರುಕಟ್ಟೆಯ ಗೋಡಾನಿನ ಹಿಂದೆ ಬಿಸಿನೀರು, ಸೋಪು, ಒಣಗಿದ ಟವೆಲು ಸಿಗುವಂತೆ ಮಾಡಿದರು. ಟವೆಲು ಒಣಗಿರಲೇಬೇಕೆಂಬ ಅವರ ಹಟಕ್ಕೆ ಆಗ ನಕ್ಕವರುಂಟು. ಒದ್ದೆ ಟವೆಲಿಗೆ ಕೈ ಒರೆಸಿ ಊಟಕ್ಕೆ ಕೂರುವ ಬೇಸರ ಎಂಥದೆಂದು ಮನೆಗೆಲಸ ಮಾಡುವವರಿಗೆ ಗೊತ್ತು.

ಮುಂದೆ ನಗರಸಭೆ ಏಕಬಳಕೆಯ ಪ್ಲಾಸ್ಟಿಕನ್ನೂ ಥರ್ಮೊಕೋಲಿನ ಊಟದ ಸಾಮಾನನ್ನೂ ನಿಷೇಧಿಸಿತು. ಅದನ್ನು ಜಾರಿಗೆ ತರುವ ಹೊಣೆ ಅವರ ಹೆಗಲೇರಿತು. ದೊಡ್ಡ ಹೋಟೆಲುಗಳು ಹೇಗೋ ಹೊಂದಿಕೊಂಡವು. ಆಸ್ಪತ್ರೆಯ ಗೇಟಿನೆದುರು ತಳ್ಳುಗಾಡಿಯಲ್ಲಿ ಬಿಸಿ ತರಕಾರಿ ಸೂಪು ಮಾರುತ್ತಿದ್ದ ಸೂಪಿನಕ್ಕನಿಗೆ ಮಾತ್ರ ದಿಕ್ಕು ತೋಚಲಿಲ್ಲ. ಗಂಡನಿಲ್ಲದ ಆಕೆ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದದ್ದು ಆ ಗಾಡಿಯಿಂದಲೇ. ಆಕೆಯ ಗಿರಾಕಿಗಳೆಲ್ಲ ಸೂಪನ್ನು ವಾರ್ಡಿಗೆ ಒಯ್ಯುವವರು.

“ಕವರ್ ಬಿಡು ಅಂದ್ರಿ, ಬಿಟ್ಟೆ. ಸ್ಟ್ರಾ ಬಿಡು ಅಂದ್ರಿ, ಬಿಟ್ಟೆ. ಈಗ ಬಟ್ಟಲೂ ಬೇಡ ಅಂದ್ರೆ ಸೂಪನ್ನ ಜನರ ಅಂಗೈಗೆ ಹುಯ್ಯಲಾ ಸಾರ್?” ಎಂದು ಆಕೆ ನಡುಬೀದಿಯಲ್ಲೇ ತರಾಟೆಗೆ ತೆಗೆದುಕೊಂಡಳು.

ಸಾಹೇಬರು ಕಾಗದದ ಬಟ್ಟಲು ಕೊಡಿಸಿದರು. ಕೊಡಿಸುವ ಮೊದಲು ಶಾಖೆಯಲ್ಲಿ ಪರೀಕ್ಷೆಯೂ ನಡೆದಿತ್ತು: ಬಟ್ಟಲಿಗೆ ನೀರು ತುಂಬಿ ಮೇಜಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಇಟ್ಟು, ಹನಿಯೂ ಸೋರದಿರುವುದನ್ನು ಕಂಡು ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಅದೇ ಬಟ್ಟಲು ಸೂಪಿನಕ್ಕನ ಗಾಡಿಯಲ್ಲಿ ಮೊದಲ ದಿನವೇ ಕೈಕೊಟ್ಟಿತು. ಸೂಪು ಒಯ್ಯುತ್ತಿದ್ದವರು ಲಿಫ್ಟು ತಲಪುವಷ್ಟರಲ್ಲಿ ಬಟ್ಟಲಿನ ತಳ ಬಿಟ್ಟುಕೊಂಡು ಬಟ್ಟೆಯೆಲ್ಲ ಸೂಪಾಯಿತು. ಜನ ಆಕೆಗೆ ಬೈದು, ಆಸ್ಪತ್ರೆಯೊಳಗಿನ ಕ್ಯಾಂಟೀನಿನ ಕಡೆ ತಿರುಗಿದರು. ಮರುದಿನ ಗಾಡಿ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

“ನಾವು ಬಟ್ಟಲಿಗೆ ಯಾವ ನೀರು ಹಾಕಿದ್ವಿ?” ಎಂದು ಸಾಹೇಬರು ಇದ್ದಕ್ಕಿದ್ದಂತೆ ಗುಮಾಸ್ತರನ್ನು ಕೇಳಿದರು.

“ಫಿಲ್ಟರ್ ನೀರು ಸಾರ್. ಶುದ್ಧವಾದದ್ದು.”

“ಶುದ್ಧ ಸರಿ. ತಣ್ಣಗಿತ್ತಲ್ಲಪ್ಪಾ! ತಣ್ಣನೆ ಸೂಪು ಯಾರು ಕುಡೀತಾರೆ?”

ಅಂದೇ ಅವರು ಸೂಪಿನಕ್ಕನ ಮನೆ ಹುಡುಕಿಕೊಂಡು ಹೋದರು. ಹೊಸಿಲಾಚೆಯೇ ನಿಂತು, ತಪ್ಪು ನಮ್ಮ ಶಾಖೆಯದು ಎಂದರು. ಆಕೆ ಸುಮ್ಮನಿರಲಿಲ್ಲ.

“ತಪ್ಪು ನಿಮ್ದು, ಬೈಸಿಕೊಂಡಿದ್ದು ನಾನು. ಥರ್ಮೊಕೋಲ್ ವಾಪಸ್ ಕೊಡ್ತೀರಾ?”

“ಅದೊಂದು ಕೇಳ್ಬೇಡಮ್ಮ. ಕುದಿಯೋ ಸೂಪನ್ನ ಅದಕ್ಕೆ ಹಾಕಿ ಕಾಯಿಲೆಯವರಿಗೆ ಕೊಡೋಕೆ ನನ್ನ ಮನಸ್ಸೂ ಒಪ್ಪಲ್ಲ. ಸ್ಟೀಲ್ ಡಬ್ಬಿಯಲ್ಲಿ ಕೊಡು.”

“ವಾರ್ಡಿಗೆ ಹೋದ ಡಬ್ಬಿ ವಾಪಸ್ ಬಂದ ಹಾಗೇ ಬಿಡಿ!”

“ತಂದುಕೊಡೋದು ನನ್ನ ಕೆಲಸ.”

ಡಬ್ಬಿ ಒಯ್ಯುವವರ ಚಪ್ಪಲಿಯನ್ನು ಒತ್ತೆ ಇಡಿಸಿಕೊಳ್ಳಿ ಎಂದು ಆಟೋ ಚಾಲಕರೊಬ್ಬರು ಸಲಹೆ ಕೊಟ್ಟರು. “ಊಟದ ಪಕ್ಕ ಚಪ್ಪಲಿನಾ? ಆಮೇಲೆ ಗಾಡಿ ಮುಚ್ಚಿಸೋನು ನಾನೇ ಆಗ್ತೀನಿ” ಎಂದು ಸಾಹೇಬರು ತಳ್ಳಿಹಾಕಿದರು. ನಮ್ಮ ನಮ್ಮ ಮನೆಗಳ ಅಟ್ಟದಲ್ಲಿ ಬಿದ್ದಿದ್ದ ಡಬ್ಬಿಗಳೆಲ್ಲ ಕಚೇರಿಗೆ ಬಂದವು. ಯಾರ ಮನೆಯಲ್ಲೂ ಡಬ್ಬಿ ಇದ್ದಲ್ಲಿ ಅದರ ಮುಚ್ಚಳವಿಲ್ಲ. ಕಡತಗಳನ್ನು ಪಕ್ಕಕ್ಕೆ ಸರಿಸಿ, ಒಬ್ಬರ ಮನೆಯ ಡಬ್ಬಿಗೆ ಇನ್ನೊಬ್ಬರ ಮನೆಯ ಮುಚ್ಚಳ ಒತ್ತಿ ಒತ್ತಿ ನೋಡಿದ ಆ ಮಧ್ಯಾಹ್ನದ ಗದ್ದಲ ಈಗಲೂ ಕಿವಿಯಲ್ಲಿದೆ. ಈ ಸಲ ಕುದಿಯುವ ನೀರನ್ನೇ ಹುಯ್ದು ನೋಡಿದೆವು.

ಗಾಡಿ ಮತ್ತೆ ಗೇಟಿನೆದುರು ನಿಂತಿತು. ತಮ್ಮ ಊಟದ ಬಿಡುವಿನಲ್ಲಿ ಸಾಹೇಬರು ವಾರ್ಡಿನಿಂದ ವಾರ್ಡಿಗೆ ಚೀಲ ಹಿಡಿದು ನಡೆದರು. ಮಕ್ಕಳ ವಾರ್ಡಿನಲ್ಲಿ ತಾಯಿಯೊಬ್ಬಳು ಗಾಬರಿಯಿಂದ ಮಗುವಿನ ಬಾಯಿಗೆ ಚಮಚ ತುರುಕುವುದನ್ನು ಕಂಡು, “ನಿಧಾನ ಕಣಮ್ಮ, ಡಬ್ಬಿಗೇನು ಬಸ್ ತಪ್ಪೋದಿಲ್ಲ” ಎಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಮಗು ಮುಖ ತಿರುಗಿಸಿ, ಮತ್ತೆ ಬಾಯಿ ತೆರೆದು, ಕೊನೆಯ ಗುಟುಕು ನುಂಗುವವರೆಗೂ ಕುಳಿತೇ ಇದ್ದರು. ನರ್ಸುಗಳು ಇದನ್ನು ನೋಡಿದರು. ಕೆಲವೇ ದಿನಗಳಲ್ಲಿ ಬರಿದಾದ ಡಬ್ಬಿಗಳು ತಾವಾಗಿಯೇ ಗೇಟಿಗೆ ಬರತೊಡಗಿದವು. ಕಳೆದವು ಇಲ್ಲವೆಂದಲ್ಲ; ರೋಗಿಗಳ ಜೊತೆ ಮನೆಗೆ ಹೋಗಿ, ಅವರು ಗುಣವಾದ ಮೇಲೆ ಬಿಸ್ಕತ್ತು ತುಂಬಿಕೊಂಡು ಹಿಂದಿರುಗಿದವೂ ಉಂಟು. ಆ ರಸ್ತೆಯ ಉಳಿದ ಗಾಡಿಯವರೂ ಒಬ್ಬೊಬ್ಬರಾಗಿ ಸ್ಟೀಲಿಗೆ ತಿರುಗಿದರು. ಸೂಪಿನಕ್ಕನ ಹಿರಿಮಗಳು ಈಗ ಅದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಳೆ.

ತಾವು ತಪಾಸಣೆ ಮಾಡುವ ಅಂಗಡಿಯಲ್ಲಿ ಸಾಹೇಬರು ಒಂದು ಲೋಟ ನೀರನ್ನೂ ಮುಟ್ಟಿದವರಲ್ಲ. ಮೊನ್ನೆ ಕೊನೆಯ ತಪಾಸಣೆಗೆ ಹೋದಾಗ ಸೂಪಿನಕ್ಕ ದಾರಿಗೆ ಅಡ್ಡ ನಿಂತಳಂತೆ.

“ಇಷ್ಟು ವರ್ಷ ಬರೀ ಡಬ್ಬಿ ಹೊತ್ರಿ. ಒಳಗಿರೋದರ ರುಚಿ ಗೊತ್ತಾ ನಿಮಗೆ?”

“ತಿಂಗಳು ಮುಗೀಲಿ ತಾಯಿ. ಆಮೇಲೆ ಬಂದು ಕೂತ್ಕೋತೀನಿ. ಉಪ್ಪು ಜಾಸ್ತಿಯಾದ್ರೆ ಹೇಳೇ ಹೇಳ್ತೀನಿ.”

“ಹೇಳಿ, ಹೇಳಿ. ಇನ್ನು ದಂಡ ಹಾಕೋಕಾಗಲ್ವಲ್ಲ!”

ಪೂಜ್ಯರಿಗೆ ದೀರ್ಘಾಯುಸ್ಸು, ಆರೋಗ್ಯ, ಕೈತುಂಬ ಕೆಲಸ ಇರಲಿ. ಊರಿನ ಗಲ್ಲಿಗಳು ಅವರ ಹೆಜ್ಜೆಯನ್ನು ಇನ್ನೂ ಬಹುಕಾಲ ಕೇಳಲಿ. ಮುಂದಿನ ತಿಂಗಳ ಮೊದಲ ಮಧ್ಯಾಹ್ನ ಮಾತ್ರ ಅವರು ಎಲ್ಲಿಗೂ ಏಳದೆ, ಆ ಗಾಡಿಯ ಪಕ್ಕದ ಬೆಂಚಿನ ಮೇಲೆ ಕುಳಿತು, ಬಿಸಿ ಆರುವ ಮುನ್ನ, ತಮ್ಮ ಪಾಲಿನ ಸೂಪನ್ನು ಪೂರ್ತಿ ಕುಡಿಯಲಿ ಎಂದು ಹಾರೈಸುತ್ತೇವೆ.