ಬೆರೆತ ಕುರಿ, ಕದ್ದ ಕುರಿ

ಚನ್ನರಾಯನದುರ್ಗದ ತಪ್ಪಲಲ್ಲಿ ಕುರಿ ಮೇಯಿಸುತ್ತಿದ್ದ ಯತ್ತಪ್ಪನ ಬಾಯಲ್ಲಿ ಒಂದೇ ಸಂಗತಿಗೆ ಎರಡು ಮಾತಿದ್ದವು. ಕೆರೆಯಲ್ಲಿ ನೀರು ಕುಡಿಯುವಾಗ ಬೇರೆಯವರ ಕುರಿ ಅವನ ಹಿಂಡಿಗೆ ಸೇರಿದರೆ ಅದು ಬೆರೆತದ್ದು. ಅವನ ಕುರಿ ಬೇರೆಯವರ ಹಿಂಡಿಗೆ ಸೇರಿದರೆ ಅವರು ಕದ್ದದ್ದು. ತಾನು ತಡವಾಗಿ ಬಂದರೆ ದಾರಿ ದೂರ, ಇನ್ನೊಬ್ಬ ತಡವಾಗಿ ಬಂದರೆ ಅವನು ಸೋಮಾರಿ. ಪಾಪ, ಅವನೊಬ್ಬನೇ ಹಾಗಲ್ಲ ಬಿಡಿ.

ಮಹಾರಾಜರ ಬೆಳ್ಳಿಹಬ್ಬವಾದ ವರ್ಷ ಅವನ ಚುಕ್ಕಿ ಎಂಬ ಕುರಿ ಕಾಣೆಯಾಗಿ, ನಾಲ್ಕನೆಯ ದಿನ ಗೆಳೆಯ ನರಸಪ್ಪ ಕುರಿ ಕೂಡುವ ರೊಪ್ಪದಲ್ಲಿ ಸಿಕ್ಕಿತು. ಯತ್ತಪ್ಪ ಅದನ್ನು ಹೊಡೆದುಕೊಂಡು ಬಂದು ಸುಮ್ಮನಿರಲಿಲ್ಲ. ನರಸಪ್ಪ ಕಳ್ಳನೆಂದು ಕುಲದ ಗೌಡರಿಗೆ ದೂರು ಕೊಟ್ಟ. ಆ ಹೆಸರು ಅಂಟಿಕೊಂಡರೆ ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಲು ನರಸಪ್ಪನನ್ನು ಯಾರೂ ಕರೆಯುವುದಿಲ್ಲ. ಅವನ ಬದುಕೇ ಮುಗಿದಂತೆ.

ನ್ಯಾಯದ ದಿನ ಬೆಳಿಗ್ಗೆ ಯತ್ತಪ್ಪನ ಹೆಂಡತಿ ಭೀಮಕ್ಕ ಮರಿಗಳಿಗೆ ಹಾಲೂಡಿಸುತ್ತಾ ಒಂದು ಕುರಿಯ ಕಿವಿ ಹಿಡಿದು ನೋಡಿದಳು. ಎಡಗಿವಿ ಸೀಳಿತ್ತು. ಅದು ನರಸಪ್ಪನ ಗುರುತು. ಇವರು ಸೀಳುತ್ತಿದ್ದದ್ದು ಬಲಗಿವಿ.

“ಇದ್ಯಾವಾಗ ಬಂತು?” ಎಂದು ಗಂಡನನ್ನು ಕೇಳಿದಳು.

“ಹೋದ್ವಾರ ಕೆರೆತಾವ ಬೆರ್ತುಬುಡ್ತು ಕಣೇ. ತಲುಪ್ಸಾಕೆ ಪುರುಸೊತ್ತೇ ಆಗ್ಲಿಲ್ಲ.”

“ಅಂಗಾದ್ರೆ ಚುಕ್ಕೀನೂ ಅಂಗೇ ಬೆರ್ತಿರಾಕಿಲ್ವಾ?”

“ಅವನ ಬುದ್ಧಿ ನಿಂಗೊತ್ತಿಲ್ಲ ಸುಮ್ಕಿರು” ಎಂದು ಯತ್ತಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟ.

ಅರಳಿಕಟ್ಟೆಯಲ್ಲಿ ಗೌಡರು ಕೇಳಿದಾಗ ನರಸಪ್ಪ ತಲೆ ತಗ್ಗಿಸಿ ಹೇಳಿದ: “ನೀರ್ತಾವ ಬೆರೆತಿತ್ತು ಗೌಡ್ರೇ. ಹೆಂಡ್ರಿಗೆ ಜರ. ಬಿಟ್ಟು ಬರಾಕಾಗ್ಲಿಲ್ಲ.”

“ಅದನ್ನ ನಂಬೋದೆಂಗೆ?” ಎಂದರು ಗೌಡರು.

ನರಸಪ್ಪ ಗೆಳೆಯನ ಕಡೆ ತಿರುಗಿ ಬೇರೇನೋ ಕೇಳಿದ: “ಯತ್ತಣ್ಣ, ನಮ್ಮ ಎಡಗಿವಿ ಸೀಳಿರೋ ಕುರಿ ಚೆನ್ನಾಗಿ ಮೇಯ್ತಾ ಐತಾ?”

ಯತ್ತಪ್ಪ ತಟ್ಟನೆ ಕೇಳಿದ: “ನಿಂಗೆಂಗೊತ್ತು?”

“ಹೋದ್ವಾರಾನೇ ನೋಡ್ದೆ ಕಣಣ್ಣ, ನಿನ್ ಹಿಂಡ್ನಾಗಿತ್ತು. ಬೆರೆತದೆ, ಪುರುಸೊತ್ತಾದಾಗ ತರ್ತಾನೆ ಬುಡು ಅಂದ್ಕಂಡೆ.”

ಯತ್ತಪ್ಪನಿಗೆ ಕುಳಿತಲ್ಲೇ ನಾಚಿಕೆಯಾಯಿತು. ಬೆಳಿಗ್ಗೆ ತಾನು ಹೇಳಿಕೊಂಡ ನೆಪವನ್ನು ಈ ಮನುಷ್ಯ ಒಂದು ವಾರ ಮೊದಲೇ ತನ್ನ ಪರವಾಗಿ ಹೇಳಿಕೊಂಡಿದ್ದ. ಅವನು ಎದ್ದು ನಿಂತ.

“ಎರಡೂ ಬೆರೆತ ಕುರೀನೇ ಗೌಡ್ರೇ. ಕಳ್ಳ ಅಂದದ್ದು ನಂದೇ ತಪ್ಪು.”

ಅಂದೇ ಸಂಜೆ ಎಡಗಿವಿ ಸೀಳಿದ ಕುರಿಯನ್ನು ಹೊಡೆದುಕೊಂಡು ನರಸಪ್ಪನ ರೊಪ್ಪಕ್ಕೆ ಹೋದ. ದಾರಿ ದೂರವೇನೂ ಇರಲಿಲ್ಲ, ಎರಡು ಹೊಲ ದಾಟಿದರೆ ಆಯಿತು.