ಆಸಿಡ್ ಜಾಡಿಗೆ ಬಿದ್ದ ಚೆಂಡು ಹೂವಿನ ಹಾರ

ಬಂಗಾರಪೇಟೆ ಸ್ಟೇಷನ್ ಹಿಂದಿನ ಶೆಡ್ಡಿನಲ್ಲಿ ಬಚ್ಚಪ್ಪ ತುಕ್ಕು ಬಿಡಿಸುತ್ತಿದ್ದ. ಪಂಪಿನ ಬೋಲ್ಟು, ನೇಗಿಲ ಗುಳ, ಏನೇ ಬರಲಿ, ಆಸಿಡ್ ಜಾಡಿಯಲ್ಲಿ ಮುಳುಗಿಸಿ ತೆಗೆದರೆ ಲಕಲಕ. ಆದರೆ ಕಾದು ನಿಂತಿರಬೇಕು. ತುಕ್ಕು ಮುಗಿದ ಮೇಲೆ ಆಸಿಡ್ಡು ಉಕ್ಕಿಗೇ ಬಾಯಿ ಹಾಕುತ್ತದೆ. ಇಷ್ಟೆಲ್ಲ ಗೊತ್ತಿದ್ದವನು ಎಂಬತ್ತೆರಡನೇ ಇಸವಿಯ ಆಯುಧಪೂಜೆಯಲ್ಲಿ ಎಡವಿದ.

ಅವನಿಗೆ ಪೂಜೆಯ ಹುಚ್ಚು. ಸುತ್ತಿಗೆ, ಇಕ್ಕಳ ಹಾಗಿರಲಿ, ಆಸಿಡ್ ಜಾಡಿಗೂ ಕುಂಕುಮವಿಟ್ಟು ಚೆಂಡು ಹೂವಿನ ಹಾರ ಹಾಕಿದ. ಮಂಗಳಾರತಿ ಎತ್ತಿ, ಬೀಗ ಜಡಿದು ಊರಿಗೆ ಹೋದ. ಜಾಡಿಯೊಳಗೆ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನ ಮಾರಿಯಮ್ಮನ ಹೊಲಿಗೆ ಮಿಷಿನ್ನಿನ, ಬಟ್ಟೆ ಮುಂದಕ್ಕೆ ತಳ್ಳುವ ಹಲ್ಲುಪಟ್ಟಿ ಇದ್ದದ್ದು ಮರೆತೇ ಹೋಗಿತ್ತು. ಗಂಡ ಸತ್ತ ಮೇಲೆ ಆಕೆಗೆ ಅನ್ನ ಹಾಕುತ್ತಿದ್ದದ್ದು ಆ ಹಳೆಯ ಮಿಷಿನ್ನೊಂದೇ. ಸೋರುವ ಮನೆಯಲ್ಲಿ ಅದು ತುಕ್ಕು ಹಿಡಿದಿತ್ತು. ಅದರ ಬಿಡಿಭಾಗಗಳು ಎಲ್ಲೂ ಸಿಗುತ್ತಿರಲಿಲ್ಲ.

ಹಬ್ಬ ಮುಗಿಸಿ ಬಂದವನಿಗೆ ಜಾಡಿ ನೋಡಿದೊಡನೆ ಅದು ನೆನಪಾಯಿತು. ಹಾರದ ಬಾಳೆನಾರು ಕಿತ್ತು ಹೂವೆಲ್ಲ ಒಳಗೆ ಬಿದ್ದಿತ್ತು. ಇಕ್ಕಳ ಹಾಕಿ ಎತ್ತಿದರೆ, ಹಲ್ಲುಪಟ್ಟಿಯ ಒಂದು ಹಲ್ಲೂ ಸವೆದಿಲ್ಲ! ತುಕ್ಕು ಮಾತ್ರ ಹೋಗಿದೆ.

“ಅಮ್ಮನೋರು ಕಾಪಾಡವ್ಳೆ. ಕೈ ಮುಗ್ದು ಸುಮ್ಕಿರು,” ಎಂದಳು ಹೆಂಡತಿ ಅಕ್ಕಯ್ಯಮ್ಮ.

“ಕೈ ಮುಗೀತೀನಿ ಕಣೇ. ಸುಮ್ಕಿರಾಕಾಗಲ್ಲ.”

ತಲೆಯಲ್ಲಿ ಹುಳ ಬಿಟ್ಟಂತಾಗಿತ್ತು. ಆಸಿಡ್ಡೇ ಹಳತಾಗಿತ್ತೋ, ಕುಂಕುಮದ ಮಹಿಮೆಯೋ, ಹೂವೋ? ಮೂರು ಬಾಟಲಿಗಳಿಗೆ ಹೊಸ ಆಸಿಡ್ ಸುರಿದು, ಒಂದಕ್ಕೆ ಕುಂಕುಮ, ಒಂದಕ್ಕೆ ಹೂವು ಹಾಕಿ, ಮೊಳೆ ಮುಳುಗಿಸಿದ. ಬರೀ ಆಸಿಡ್ಡಿನ ಮೊಳೆ, ಕುಂಕುಮದ ಮೊಳೆ ಗುಳ್ಳೆ ಕಾರುತ್ತ ಕಡ್ಡಿಯಾದವು. ಹೂವಿನ ಬಾಟಲಿ ಮಾತ್ರ ತೆಪ್ಪಗಿತ್ತು. ಹೂವಿನ ಸಾರ ಉಕ್ಕಿಗೆ ಅಂಟಿಕೊಂಡು ಆಸಿಡ್ಡಿಗೆ ಅಡ್ಡ ನಿಲ್ಲುತ್ತದೆ ಎಂದು ಅವನು ಊಹಿಸಿದ.

ಮಾರಿಯಮ್ಮ ಬಂದಾಗ ಸೂಜಿ ಹಿಡಿಯುವ ಕಂಬಿ ಇನ್ನೂ ಬಾಕಿಯಿತ್ತು. ಅದರ ತುಕ್ಕು ಆಳಕ್ಕಿಳಿದಿತ್ತು; ದಿನವಿಡೀ ನೆನೆಯಬೇಕು. ಕೂದಲೆಳೆಯಷ್ಟು ಸವೆದರೂ ಸೂಜಿ ಅಲ್ಲಾಡಿ ಮಿಷಿನ್ ಮೂಲೆ ಸೇರುತ್ತದೆ. ಬಚ್ಚಪ್ಪ ಮರೆತದ್ದನ್ನೂ ಹೂವಿನ ಕಥೆಯನ್ನೂ ಮುಚ್ಚುಮರೆಯಿಲ್ಲದೆ ಹೇಳಿದ.

“ಮೊಳೆ ಉಳೀತು. ಇದು ಉಳೀತದೋ ಇಲ್ವೋ ಗೊತ್ತಿಲ್ಲ ತಾಯಿ. ನಿನ್ನಿಷ್ಟ.”

“ಎಂಗಿದ್ರೂ ಓಡ್ತಿಲ್ವಲ್ಲಣ್ಣಾ. ಊವ ಎಲ್ಲೈತೆ? ನಾನೇ ಆಕ್ತೀನಿ.”

ಹೂವಿನ ಬುಟ್ಟಿ ಹಿಡಿದಿದ್ದ ಅಕ್ಕಯ್ಯಮ್ಮ ಒಂದು ಗಳಿಗೆ ತಡೆದಳು. ವಿಧವೆಯ ಕೈಗೆ ಹೂ ಕೊಡುವ ರೂಢಿ ಅವರಲ್ಲಿರಲಿಲ್ಲ. ಆಮೇಲೆ ಬುಟ್ಟಿಯನ್ನೇ ಮುಂದಕ್ಕೆ ತಳ್ಳಿದಳು. ಮಾರಿಯಮ್ಮ ಎಸಳು ಬಿಡಿಸಿ ಬಿಡಿಸಿ ಜಾಡಿಗೆ ಹಾಕಿದಳು.

ಮಾರನೆಯ ದಿನ ಬಚ್ಚಪ್ಪ ಕಂಬಿಯನ್ನು ತೊಳೆದು, ಎಣ್ಣೆ ಸವರಿ, ಮಿಷಿನ್ನಿಗೆ ಕೂರಿಸಿದ. ಸೂಜಿ ಹಿಡಿದು ಅಲ್ಲಾಡಿಸಿದ, ಜಗ್ಗಲಿಲ್ಲ. ಮಾರಿಯಮ್ಮ ಚಕ್ರ ತಿರುಗಿಸಿದಳು. ಹೊಲಿಗೆ ನೇರವಾಗಿ ಬಿತ್ತು. ಅವಳು ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟಳು.

“ಮಿಷಿನ್ ಓಡ್ತಲ್ಲವ್ವಾ, ಇನ್ಯಾಕಳ್ತೀಯ?” ಎಂದಳು ಅಕ್ಕಯ್ಯಮ್ಮ.

“ಊವ ಮುಟ್ಟಿ ಎಷ್ಟು ಕಾಲ ಆಗಿತ್ತಕ್ಕಾ,” ಎಂದಳು ಮಾರಿಯಮ್ಮ.